ಬಚ್ಚಲ ಮರ

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದಂತೆ. ಈ ಗಾದೆ ಕಟ್ಟಿದವರು ಯಾರೇ ಇರಲಿ, ತಿಪಟೂರಿನ ಕಡೆಯವರಂತೂ ಅಲ್ಲ. ನಮ್ಮವರಾಗಿದ್ದರೆ ಇಂಗಿನ ಮಾತನ್ನೇ ಎತ್ತುತ್ತಿರಲಿಲ್ಲ. ತುರುವೇಕೆರೆಯ ನನ್ನ ತವರಿನಲ್ಲಿ ಸಾರಿಗೆ ಕಾಯಿ, ಹುಳಿಗೆ ಕಾಯಿ, ಪಲ್ಯದ ಮೇಲೆ ಕಾಯಿ, ಒಬ್ಬಟ್ಟಿಗೂ ಕಾಯಿ. ತೆಂಗಿನಕಾಯಿಯನ್ನು ದುಡ್ಡು ಕೊಟ್ಟು ತರುತ್ತಾರೆ ಎನ್ನುವುದೇ ನನಗೆ ಮದುವೆಯಾಗಿ ಪೇಟೆಗೆ ಬರುವ ತನಕ ಗೊತ್ತಿರಲಿಲ್ಲ.

ಅಂಥವಳು 2006ರ ಗೌರಿ ಹಬ್ಬದ ಹಿಂದಿನ ದಿನ ತಿಪಟೂರಿನ ಅಂಗಡಿಯೊಂದರಲ್ಲಿ ಬಾಗಿನಕ್ಕೆಂದು ಐದು ತೆಂಗಿನಕಾಯಿ ಕೊಂಡೆ. ಅಂಗಡಿಯವರು ಪರಿಚಯದವರು. "ಏನಕ್ಕಾ, ತೋಟದೋರೇ ಕಾಯಿ ಕೊಳ್ಳಾಕೆ ಬಂದ್ರೆ ಹೆಂಗೆ?" ಎಂದು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಚೀಲ ಇಳಿಸುವಾಗ ಮಾತ್ರ ಅಳು ಬಂತು. ಎರಡು ಎಕರೆ ತೆಂಗಿನ ತೋಟದ ಮನೆಯಲ್ಲಿ ಬಾಗಿನಕ್ಕೆ ಇಡುವಂಥ ಐದು ಕಾಯಿ ಇರಲಿಲ್ಲ. ಇದ್ದ ಕಾಯಿಗಳೆಲ್ಲ ಮುಖಕ್ಕೆ ಸಿಡುಬು ಎದ್ದವರ ಹಾಗೆ ಬಿರುಕು ಬಿಟ್ಟು, ಸೊಟ್ಟಗಾಗಿ, ಒಂದು ಮುಷ್ಟಿಯಷ್ಟಿದ್ದವು.

ಆ ಐದು ಕಾಯಿಯ ಹಿಂದೆ ಏನೇನಿತ್ತು, ಅವುಗಳ ನಂತರ ಏನಾಯಿತು ಎಂಬುದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ. ಇದು ನಮ್ಮ ಮನೆಯ ಕಥೆಯೂ ಹೌದು, ನಮ್ಮ ಸೀಮೆಯ ಚರಿತ್ರೆಯೂ ಹೌದು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದರೆ ದೂರದವರು ಕಲ್ಪತರು ನಾಡು ಎನ್ನುತ್ತಾರೆ. ಕೇಳುವುದಕ್ಕೆ ಚೆನ್ನ. ಆದರೆ ತೆಂಗು ಸಮುದ್ರದ ಮಗಳು. ಕರಾವಳಿಯಲ್ಲಿ ವರ್ಷಕ್ಕೆ ಮುನ್ನೂರು ಸೆಂಟಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ನಮ್ಮಲ್ಲಿ ಬೀಳುವುದು ಅರವತ್ತು, ಎಪ್ಪತ್ತು. ಸಮುದ್ರದ ಮಗಳನ್ನು ಈ ಒಣ ಬಯಲಿಗೆ ಸೊಸೆಯಾಗಿ ತಂದು ಬಾಳಿಸಿದವರು ನಮ್ಮ ಹಿರಿಯರು. ಕೆರೆಯ ಹಿಂದೆ, ಹಳ್ಳದ ಅಂಚಿನಲ್ಲಿ, ನೀರು ಜಿನುಗುವ ಕಡೆ ಮರ ಇಟ್ಟು, ಬೇಸಿಗೆಯಲ್ಲಿ ಒಣಗಿದ ಕೆರೆಯಿಂದ ಗೋಡು ಹೊಡೆದು, ಅದರ ಮೇಲೆ ಬದುಕಿದರು. ಇದು ನಿನ್ನೆ ಮೊನ್ನೆಯ ಮಾತಲ್ಲ. ಟಿಪ್ಪು ಸುಲ್ತಾನ ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಅಪ್ಪಣೆಯ ಮೇರೆಗೆ ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಅವನು ಚಿಕ್ಕನಾಯಕನಹಳ್ಳಿಯ ದಾರಿಯಲ್ಲಿ ಹಾದು ಹೋದಾಗಲೇ ಇಲ್ಲಿ ತೆಂಗಿನ ತೋಟಗಳಿದ್ದವು. 1807ರಲ್ಲಿ ಅಚ್ಚಾದ ಅವನ ಪ್ರವಾಸದ ಪುಸ್ತಕದಲ್ಲಿ ಅವುಗಳ ಮಾತಿದೆ.

ಆಮೇಲೆ ರೈಲು ಬಂತು. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ, ತಿಪಟೂರು ದಾಟಿ ಹರಿಹರಕ್ಕೆ 1889ರಲ್ಲಿ. ಅಲ್ಲಿಯ ತನಕ ತಾಲ್ಲೂಕಿನ ಹಿರಿತನವೆಲ್ಲ ಹೊನ್ನವಳ್ಳಿಯದು. ರೈಲು ತಿಪಟೂರಿನಲ್ಲಿ ನಿಂತಿತು, ಪೇಟೆಯೂ ತಿಪಟೂರಿನಲ್ಲೇ ನಿಂತಿತು. ತೆಂಗಿನಕಾಯಿ ಭಾರ, ದೂರದೂರಿಗೆ ಹೋಗುವುದು ಕಷ್ಟ. ಕೊಬ್ಬರಿ ಹಗುರ, ಕೆಡುವುದೂ ಇಲ್ಲ. ಉತ್ತರ ಹಿಂದೂಸ್ತಾನದ ಮದುವೆ ಮುಂಜಿಗಳಿಗೆ ನಮ್ಮ ಉಂಡೆ ಕೊಬ್ಬರಿ ಮೂಟೆ ಮೂಟೆಯಾಗಿ ಹೋಗತೊಡಗಿತು.

ಪೇಟೆಯ ಸೋದರಿಯರಿಗೆ ಉಂಡೆ ಕೊಬ್ಬರಿ ಹೇಗಾಗುತ್ತದೆ ಎಂಬುದನ್ನು ಒಂದು ಮಾತಿನಲ್ಲಿ ಹೇಳಬೇಕು. ಇದಿಲ್ಲದೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಚೆನ್ನಾಗಿ ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಎಂಟು ತಿಂಗಳೋ, ಹತ್ತು ತಿಂಗಳೋ, ವರ್ಷವೋ ಅದು ಅಲ್ಲೇ ಮಲಗಿರುತ್ತದೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ಕೊಬ್ಬರಿ ಚಿಪ್ಪಿನಿಂದ ಬಿಡುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಗ ಇಳಿಸಿ, ಸುಲಿದು, ಚಿಪ್ಪು ಒಡೆದರೆ ಒಳಗಿನಿಂದ ದುಂಡನೆಯ ಗಿಟುಕು ಬರುತ್ತದೆ.

ಇದು ಅಟ್ಟದ ಮೇಲಿನ ಲೆಕ್ಕ. ಮರದ ಮೇಲಿನ ಲೆಕ್ಕ ಇನ್ನೂ ಉದ್ದ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಹನ್ನೊಂದು ಹನ್ನೆರಡು ತಿಂಗಳು ಬೇಕು. ಆ ಹೊಂಬಾಳೆಯೋ, ನಮ್ಮ ಕಣ್ಣಿಗೆ ಬೀಳುವ ಎರಡೂವರೆ ವರ್ಷದ ಹಿಂದೆಯೇ ಸುಳಿಯ ಒಳಗೆ ಮೊಳಕೆಯಾಗಿ ಹುಟ್ಟಿರುತ್ತದೆ. ಎಲ್ಲ ಸೇರಿಸಿದರೆ ತಕ್ಕಡಿಗೆ ಬಿದ್ದ ಒಂದು ಕೊಬ್ಬರಿಯ ಹಿಂದೆ ನಾಲ್ಕು ವರ್ಷವಿದೆ. ನಾಲ್ಕು ವರ್ಷದ ಹಿಂದಿನ ಮಳೆಯನ್ನು ನಾವು ಈ ವರ್ಷ ಮಾರುತ್ತೇವೆ. ಈ ಲೆಕ್ಕ ನನಗೆ ಗೊತ್ತಾದದ್ದು ತಡವಾಗಿ. ಎಷ್ಟು ತಡವಾಗಿ ಎಂದರೆ, ನಲವತ್ತು ಮರ ಹೋದ ಮೇಲೆ.

ನಾನು 1984ರಲ್ಲಿ ಈ ಮನೆಗೆ ಸೊಸೆಯಾಗಿ ಬಂದೆ. ನಮ್ಮ ಮನೆಯವರಿಗೆ ತಿಪಟೂರಿನಲ್ಲಿ ಕೆಲಸ. ಚಿಕ್ಕನಾಯಕನಹಳ್ಳಿಯ ದಾರಿಯಲ್ಲಿರುವ ಹಳ್ಳಿಯಲ್ಲಿ ಅತ್ತೆ, ಮಾವ, ಎರಡು ಎಕರೆ ತೋಟ. ಮಾವನ ತಂದೆ ಮೂವತ್ತು ಅಡಿಗೊಂದರಂತೆ ಮರ ಇಟ್ಟಿದ್ದರು. ಎಕರೆಗೆ 48, ಒಟ್ಟು 96 ಮರ. ನಡುವೆ ಧಾರಾಳವಾಗಿ ಬಿಸಿಲು ಬೀಳುತ್ತಿತ್ತು. ಭರಣಿ ಮಳೆಗೆ ಹೆಸರು, ಅದು ಕೊಯ್ದ ಮೇಲೆ ರಾಗಿ, ಜೊತೆಗೆ ಅವರೆ, ಅಲಸಂದೆ, ಹುಚ್ಚೆಳ್ಳು. ಬದುವಿನ ಮೇಲೆ ಹುಣಸೆ, ಹೊಂಗೆ, ಬೇವು. 1986ರಲ್ಲಿ ಕೊಬ್ಬರಿಗೆ ಬೆಲೆ ಬಂದ ಹುರುಪಿನಲ್ಲಿ ನಾಲ್ಕು ಮರದ ನಡುವೆ ಒಂದೊಂದು ಸಸಿ ಇಟ್ಟರು. ಅವು ಎದ್ದು ನಿಂತ ಮೇಲೆ ನೆರಳಾಯಿತು, ರಾಗಿ ನಿಂತಿತು. ಬದುವಿನ ಮರಗಳು ತೆಂಗಿನ ಸಾರ ಹೀರುತ್ತವೆ ಎಂದು ಅವನ್ನೂ ಕಡಿಸಿದೆವು. ಕಡಿಸಿದೆವು ಎಂದು ಬಹುವಚನದಲ್ಲಿ ಬರೆದೆ. ಹಟ ಹಿಡಿದವಳು ನಾನು. ಕೃಷಿಯ ವಿಷಯ ನಾಲ್ಕು ಪುಸ್ತಕ ಓದಿದ್ದೆನಲ್ಲ!

ಅತ್ತೆಗೆ ಇದು ಸರಿ ಬರಲಿಲ್ಲ. "ಮರ ನಂಬಿ ರಾಗಿ ಬಿಡಬ್ಯಾಡ ಕಣವ್ವ" ಎಂದರು. ಅವರು ಓದಿದವರಲ್ಲ. ಆದರೆ ಅವರ ತಲೆಯೊಳಗೆ ಒಂದು ಪಂಚಾಂಗವಿತ್ತು, ಅದರಲ್ಲಿ ಕೆಟ್ಟ ವರ್ಷಗಳಷ್ಟೇ ಇದ್ದವು. ಎಲ್ಲಕ್ಕಿಂತ ಹಿಂದಿನದು ಧಾತು ಬರ. ಅಜ್ಜಿಯ ಬಾಯಿಂದ ಕೇಳಿದ್ದನ್ನು ಕಣ್ಣಾರೆ ಕಂಡವರ ಹಾಗೆ ಹೇಳುತ್ತಿದ್ದರು. ಜನ ಕತ್ತಾಳೆ ಗಡ್ಡೆ ಬೇಯಿಸಿದ್ದು, ಹುಣಸೆ ಬೀಜ ಹುರಿದು ಕುಟ್ಟಿ ತಿಂದದ್ದು, ಹಗೇವಿನಲ್ಲಿ ರಾಗಿ ಇದ್ದ ಮನೆಯವರು ರಾತ್ರಿ ಹೊತ್ತು ಬೀಸಿದ್ದು. ಆಮೇಲೆ ನಾನು ಪುಸ್ತಕದಲ್ಲಿ ನೋಡಿದೆ. ಧಾತು, ಈಶ್ವರ ಸಂವತ್ಸರಗಳೆಂದರೆ 1876ರಿಂದ 1878. 1871ರ ಜನಗಣತಿಯಲ್ಲಿ 50 ಲಕ್ಷದ ಮೇಲಿದ್ದ ಮೈಸೂರು ಸಂಸ್ಥಾನದ ಜನ 1881ರಲ್ಲಿ 42 ಲಕ್ಷಕ್ಕೆ ಇಳಿದಿದ್ದರು. ಅತ್ತೆಯ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಆದರೆ ಆ ದಿನ ನಾನು "ಅತ್ತೆ, ಈಗ ಸೊಸೈಟಿಯಲ್ಲಿ ಅಕ್ಕಿ ಕೊಡ್ತಾರಲ್ಲ" ಎಂದು ಅವರ ಬಾಯಿ ಮುಚ್ಚಿಸಿದೆ.

ಮೊದಲು ಬಂದದ್ದು ನುಸಿ. 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಕಾಣಿಸಿಕೊಂಡಿತು ಎಂದು ಪತ್ರಿಕೆಯಲ್ಲಿ ಓದಿದಾಗ ಅಯ್ಯೋ ಪಾಪ ಎಂದುಕೊಂಡಿದ್ದೆವು. ಎರಡು ವರ್ಷದೊಳಗೆ ನಮ್ಮ ತೋಟದಲ್ಲಿತ್ತು. ಬರಿಗಣ್ಣಿಗೆ ಕಾಣದ ಜೀವ, ಮಿಲಿಮೀಟರಿನ ನಾಲ್ಕನೇ ಒಂದು ಭಾಗವೂ ಇಲ್ಲ. ಮೆಕ್ಸಿಕೋ ದೇಶದ ಗೆರೆರೋ ಎಂಬ ಪ್ರಾಂತ್ಯದ ಕಾಯಿಗಳಿಂದ ಇದನ್ನು ಹಿಡಿದು 1965ರಲ್ಲಿ ವಿಜ್ಞಾನಿಗಳು ಹೆಸರಿಟ್ಟರಂತೆ. ಎಲ್ಲಿಯ ಮೆಕ್ಸಿಕೋ, ಎಲ್ಲಿಯ ಚಿಕ್ಕನಾಯಕನಹಳ್ಳಿ! ಎಳೆಗಾಯಿಯ ತೊಟ್ಟಿನ ಟೋಪಿಯ ಕೆಳಗೆ ಅವಿತು ಕೂತು ರಸ ಹೀರುತ್ತದೆ. ಮೊದಲು ಬಿಳಿ ಮಚ್ಚೆ, ಆಮೇಲೆ ಕಂದು ಗಾಯ, ಬಿರುಕು. ಹರಳು ಉದುರುತ್ತವೆ. ಉಳಿದದ್ದು ಬೆಳೆಯುವುದಿಲ್ಲ. ಮಟ್ಟೆ ಚಿಪ್ಪಿಗೆ ಅಂಟಿಕೊಂಡು ಸುಲಿಯಲೂ ಬರುವುದಿಲ್ಲ.

ಮಲೆನಾಡಿನವರಿಗೆ ಅಡಿಕೆಯ ಕೊಳೆರೋಗ ಬಂದಾಗ ಬೋರ್ಡೋ ದ್ರಾವಣವಿತ್ತು. ಫ್ರಾನ್ಸಿನ ದ್ರಾಕ್ಷಿ ತೋಟಗಳು ಕೆಟ್ಟಾಗ ಅಲ್ಲಿಯವರು ಕಂಡುಕೊಂಡ ಮೈಲುತುತ್ತ ಸುಣ್ಣದ ಔಷಧಿ. ಅದನ್ನು ನಮ್ಮ ಅಡಿಕೆಗೆ ಹೊಂದಿಸಿದವರು ಮೈಸೂರು ಸರ್ಕಾರದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್. ಹಾಗೆಯೇ ನಮಗೂ ಒಬ್ಬ ಕೋಲ್ಮನ್ ಬರುತ್ತಾರೆ, ಒಂದು ಔಷಧಿ ಕೊಡುತ್ತಾರೆ ಎಂದು ಕಾದೆವು. ಆದರೆ ಅರವತ್ತು ಅಡಿ ಎತ್ತರದಲ್ಲಿ, ಟೋಪಿಯ ಕೆಳಗೆ ಕೂತವನಿಗೆ ಯಾವ ಸಿಂಪರಣೆ ತಾಗೀತು? ಬೇರು ಬಗೆದು, ಓರೆಯಾಗಿ ಕತ್ತರಿಸಿ, ಔಷಧಿ ತುಂಬಿದ ಪ್ಲಾಸ್ಟಿಕ್ ಚೀಲ ಕಟ್ಟಿ ಮರಕ್ಕೇ ವಿಷ ಕುಡಿಸುವ ಉಪಾಯ ಬಂತು. ನಾವೂ ಕಟ್ಟಿದೆವು. ಆಗ ನನ್ನ ನಾದಿನಿ ಬಾಣಂತಿತನಕ್ಕೆ ಬಂದಿದ್ದಳು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಈ ಮರದ ಎಳನೀರು ಬಾಣಂತಿಗೆ ಕೊಡಬೌದಾ?" ನಲವತ್ತೈದು ದಿನ ಕಾಯಿ ಕೀಳಬಾರದು ಎಂದು ಹೇಳಿದ್ದರು. ನಲವತ್ತಾರನೆಯ ದಿನ ಕೊಡಬಹುದೇ ಎಂದು ಹೇಳುವ ಧೈರ್ಯ ನನಗೂ ಬರಲಿಲ್ಲ, ನಮ್ಮ ಮನೆಯವರಿಗೂ ಬರಲಿಲ್ಲ. ಮುಂದೆ ಬೇವಿನ ಔಷಧಿ, ಬೇವಿನ ಹಿಂಡಿಯ ಮಾತು ಬಂತು. ಬೇವಿನ ಮರಗಳನ್ನು ನಾನು ಕಡಿಸಿ ಆಗಿತ್ತು.

ಕಾಯಿಯಿಂದ ಬದುಕಲಾಗದ ರೈತರು ನೀರಾ ಇಳಿಸಲು ಬಿಡಿ ಎಂದು ಆ ದಿನಗಳಲ್ಲಿ ಚಳವಳಿ ಹೂಡಿದರು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಗಿ ಇಬ್ಬರು ಸತ್ತರು. ಒಂದು ಕಾಣದ ಹುಳು ಮನುಷ್ಯರನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂದು ಆ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ನುಸಿಯ ಬೆನ್ನಿಗೇ ಬರ. 2001ರಿಂದ ಸಾಲಾಗಿ ಮೂರು ವರ್ಷ. ಕೆರೆ ಒಣಗಿತು, ತೆರೆದ ಬಾವಿ ಒಣಗಿತು. ಮಾವ ಅದೇ ಹೊತ್ತಿನಲ್ಲಿ ತೀರಿಕೊಂಡರು. 2003ರಲ್ಲಿ ನನ್ನ ಎರಡೆಳೆ ಸರ ಮಾರಿ ಕೊಳವೆ ಬಾವಿ ಕೊರೆಸಿದೆವು. ತೆಂಗಿನಕಾಯಿ ಅಂಗೈ ಮೇಲೆ ಎದ್ದು ನಿಂತ ಜಾಗದಲ್ಲೇ ಕೊರೆಸಿದ್ದು. 650 ಅಡಿಗೆ ಬಂದದ್ದು ಬಿಳಿ ಕಲ್ಲಿನ ಪುಡಿ. ಅಂಗಳದಲ್ಲಿ ಒಣಹಾಕಿದ್ದ ಬಟ್ಟೆಗಳ ಮೇಲೆಲ್ಲ ಆ ಪುಡಿ ಕೂತಿತು. ಎಷ್ಟು ಒಗೆದರೂ ಒಂದು ಸೀರೆಯಿಂದ ಅದು ಹೋಗಲೇ ಇಲ್ಲ.

ಇಲ್ಲಿಯ ತನಕ ನಡೆದದ್ದಕ್ಕೆ ನಮ್ಮ ತಪ್ಪು ಅರ್ಧ, ದೈವದ್ದು ಅರ್ಧ. ಇನ್ನು ಹೇಳುವುದು ಪೂರ್ತಿ ನಮ್ಮದೇ. 2005ರಲ್ಲಿ ಒಳ್ಳೆಯ ಮಳೆಯಾಯಿತು. ನಮ್ಮೂರ ಕೆರೆ ತುಂಬಿತು. ಈಗ ಮರ ಚೇತರಿಸಿಕೊಳ್ಳುತ್ತದೆ ಎಂದು ಕಾದೆವು. 2006ರಲ್ಲಿ ಹಿಂದಿನ ಎಲ್ಲ ವರ್ಷಕ್ಕಿಂತ ಕಡಿಮೆ ಕಾಯಿ ಬಂತು. ಬರದಲ್ಲಿ ಬಂದಷ್ಟೂ ಮಳೆಯಲ್ಲಿ ಬರಲಿಲ್ಲ! ಗೌರಿಯ ಐದು ಕಾಯಿಯ ಕಥೆ ಆ ವರ್ಷದ್ದೇ. ಮಳೆ ಬಂದರೂ ಕಾಯಿ ಬಿಡದ ಮರ ಇನ್ನೇಕೆ, ಇವು ಸತ್ತವು ಎಂದು ನಾವು ತೀರ್ಮಾನಿಸಿದೆವು. ಇಟ್ಟಿಗೆ ಗೂಡಿಗೆ ಸೌದೆ ಕೊಳ್ಳುವವರು ಬಂದಿದ್ದರು. ಅತ್ತೆ ಬಾಗಿಲಲ್ಲಿ ಕೂತು ಹೇಳಿದರು. "ಮರ ಸತ್ತಿಲ್ಲ ಕಣವ್ವ, ಸುಸ್ತಾಗೈತೆ. ಉಪಾಸ ಇದ್ದೋರು ಒಂದು ಹೊತ್ತು ಉಂಡ ತಕ್ಷಣ ಎದ್ದು ಓಡ್ತಾರಾ? ಇನ್ನೆರಡು ವರ್ಷ ತಡೀರಿ." ತಡೆಯಲು ನಮಗೆ ಸಾಲದವರು ಬಿಡಬೇಕಲ್ಲ. 2007ರ ಸಂಕ್ರಾಂತಿ ಕಳೆದ ಮೇಲೆ ಮೂರು ದಿನದಲ್ಲಿ ನಲವತ್ತು ಮರ ಬಿದ್ದವು. ಮಾವನ ತಂದೆ ಇಟ್ಟ ಮರಗಳೇ ಹೆಚ್ಚು, ಎತ್ತರದವು ಅವೇ ಆಗಿದ್ದವು. ತೆಂಗು ಬೀಳುವಾಗ ನೆಲ ಒಂದು ಸಲ ಗುಮ್ಮೆನ್ನುತ್ತದೆ. ಅಡುಗೆ ಮನೆಯಲ್ಲಿ ಕೂತಿದ್ದ ನನಗೆ ಪ್ರತಿ ಸಲವೂ ಅದು ಕಾಲಿನ ಕೆಳಗೆ ತಿಳಿಯುತ್ತಿತ್ತು.

2008ರಲ್ಲಿ ಪಕ್ಕದ ತೋಟದವರ ಮರಗಳು ತಾವಾಗಿ ಕಾಯಿ ಹಿಡಿದವು. ಅವರು ಏನೂ ಮಾಡಿರಲಿಲ್ಲ, ಸುಮ್ಮನೆ ತಡೆದಿದ್ದರು. ಅರಸೀಕೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರ ನಮಗೆ ದೂರವಲ್ಲ. ಒಂದು ದಿನ ಅಲ್ಲಿಗೆ ಹೋಗಿ ಕೇಳಿದಾಗ ನಾನು ಮೇಲೆ ಬರೆದ ಲೆಕ್ಕವನ್ನು ತಿಳಿಸಿಕೊಟ್ಟರು. 2006ರಲ್ಲಿ ಬರಬೇಕಾದ ಕಾಯಿ ಮೊಳಕೆಯಾಗಬೇಕಿದ್ದದ್ದು 2003ರ ಬರದಲ್ಲಿ. ಮರ 2003ರ ಸಾಲವನ್ನು 2006ರಲ್ಲಿ ತೀರಿಸುತ್ತಿತ್ತು. 2005ರ ಮಳೆಯ ಫಲ 2008ಕ್ಕೆ ಬರುವುದಿತ್ತು. ಅದು ಬರುವ ಹೊತ್ತಿಗೆ ನಮ್ಮ ಮರಗಳು ಗೂಡಿನಲ್ಲಿ ಉರಿದು ಯಾರದೋ ಮನೆಯ ಇಟ್ಟಿಗೆಯಾಗಿದ್ದವು. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆಗೆ ಇದನ್ನು ಹೇಗೆ ಹೇಳುವುದು ಎಂದು ಯೋಚಿಸಿದೆ. ಹೇಳುವುದೇನಿದೆ, ಅವರೇ ನಮಗೆ ಹೇಳಿದ್ದಲ್ಲವೇ? ವಿಜ್ಞಾನಿಗಳು ತಿಂಗಳಿನಲ್ಲಿ ಹೇಳಿದ್ದನ್ನು ಅವರು ಉಪವಾಸದ ಮಾತಿನಲ್ಲಿ ಹೇಳಿದ್ದರು.

ಬರಿದಾದ ಜಾಗದಲ್ಲಿ ಮತ್ತೆ ನೆಡಬೇಕಲ್ಲ. 2007ರ ಮುಂಗಾರಿನಲ್ಲಿ ರಸ್ತೆ ಬದಿಯಲ್ಲಿ ಮಾರುತ್ತಿದ್ದ ಸಸಿಗಳನ್ನು ತಂದು ನೆಟ್ಟಿದ್ದೆವು. ಯಾವ ತಾಯಿಮರದ ಮಕ್ಕಳೋ ಕೇಳಲಿಲ್ಲ. ಓಡಾಡುವ ಕಷ್ಟ ತಪ್ಪಲಿ ಎಂದು ತಿಪ್ಪೆಯನ್ನು ಸಸಿಗಳ ಪಕ್ಕಕ್ಕೇ ತಂದೆ. ಗೊಬ್ಬರ ಹತ್ತಿರವಿದ್ದರೆ ಒಳ್ಳೆಯದಲ್ಲವೇ? ಒಂದೂವರೆ ವರ್ಷದಲ್ಲಿ ಸಸಿಯ ಗರಿಗಳು ಕತ್ತರಿಯಲ್ಲಿ ಕತ್ತರಿಸಿದ ಬೀಸಣಿಗೆಯ ಹಾಗೆ ಕಾಣತೊಡಗಿದವು. ಸುಳಿ ಹಿಡಿದೆಳೆದರೆ ಕೈಗೇ ಬಂತು. ಕೊಂಬಿನ ದುಂಬಿಯ ಕೆಲಸ, ಪುಸ್ತಕಗಳಲ್ಲಿ ರೈನೋಸರಸ್ ದುಂಬಿ ಎನ್ನುತ್ತಾರೆ. ಅದು ಮೊಟ್ಟೆ ಇಟ್ಟು ಮರಿ ಬೆಳೆಸುವುದು ತಿಪ್ಪೆಯಲ್ಲಿ. ಗುದ್ದಲಿ ಹಾಕಿ ತಿಪ್ಪೆ ಬಗೆದರೆ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು ಸುರುಟಿಕೊಂಡು ಮಲಗಿದ್ದವು. ಮಕ್ಕಳ ಕೋಣೆಯ ಪಕ್ಕದಲ್ಲೇ ಕಳ್ಳರಿಗೆ ಮನೆ ಕಟ್ಟಿಕೊಟ್ಟಿದ್ದೆ.

ಇತ್ತ ನಮ್ಮ ಮನೆಯವರು ತೇಜಸ್ವಿಯವರ 'ಸಹಜ ಕೃಷಿ' ಪುಸ್ತಕ ಅರ್ಧ ಓದಿ, ಉಳಿದ ಮರಗಳಿಗೆ ಇನ್ನು ಮೇಲೆ ಏನೂ ಮಾಡಬಾರದು ಎಂದು ಘೋಷಿಸಿದರು. ಉಳುಮೆ ಇಲ್ಲ, ಗೊಬ್ಬರ ಇಲ್ಲ, ಪಾತಿ ಇಲ್ಲ. ಜಪಾನಿನ ಫುಕುವೋಕಾ ಹಾಗೆ ಮಾಡಿ ಗೆದ್ದರಂತೆ. ಆಮೇಲೆ ತಿಳಿಯಿತು, ಆ ಮಹಾನುಭಾವರೂ ಮೊದಲು ತಂದೆಯ ಕಿತ್ತಳೆ ತೋಟವನ್ನು ಹೀಗೆ ಏಕಾಏಕಿ ಕೈಬಿಟ್ಟು ಮರಗಳನ್ನು ಕೊಂದುಕೊಂಡಿದ್ದರು. ಸವರಿ ಸಾಕಿದ ಮರವನ್ನು ಹಠಾತ್ತನೆ ಬಿಟ್ಟರೆ ಅದು ಸಹಜವಲ್ಲ, ತಬ್ಬಲಿ ಮಾಡಿದಂತೆ ಎಂದು ಕಲಿತದ್ದು ಆ ಸೋಲಿನಿಂದ. ಗೆದ್ದವರ ಕಥೆಯಲ್ಲಿ ಸೋತ ಪುಟಗಳನ್ನು ನಾವು ಹಾರಿಸಿ ಓದುತ್ತೇವೆ.

2009ರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಒಂದು ಬಲಿತ ಕಾಯಿ ದೊಪ್ಪೆಂದು ಪಕ್ಕಕ್ಕೆ ಬಿತ್ತು. ಬಚ್ಚಲ ಮರದ ಕಾಯಿ. ಪ್ರತಿ ಹಳ್ಳಿ ಮನೆಯ ಹಿತ್ತಿಲಲ್ಲೂ ಇಂಥದೊಂದು ಮರವಿರುತ್ತದೆ, ಬಚ್ಚಲ ನೀರು ಹೋಗಿ ಇಂಗುವ ಕಡೆ. ಅದನ್ನು ಯಾರೂ ತೋಟದ ಲೆಕ್ಕಕ್ಕೆ ಸೇರಿಸುವುದಿಲ್ಲ. ತೋಟದ ಮರ ಗಂಡಸರ ಲೆಕ್ಕ, ಬಚ್ಚಲ ಮರ ಹೆಂಗಸರದು. ಎತ್ತಿಕೊಂಡು ನೋಡಿದೆ. ದುಂಡಗೆ, ಭಾರವಾಗಿ, ತೊಟ್ಟಿನ ಹತ್ತಿರ ಎರಡೇ ಎರಡು ಗೀರು. ನುಸಿಯ ವರ್ಷಗಳಲ್ಲಿ, ಬರದ ವರ್ಷಗಳಲ್ಲಿ, ನಮ್ಮ ಸಾರಿಗೆ ಬಿದ್ದದ್ದೆಲ್ಲ ಇದೇ ಮರದ ಕಾಯಿ. 2006ರ ಗೌರಿಗೆ ಮಾತ್ರ ಇದರ ಕಾಯಿಗಳನ್ನು ಮಗಳ ಮನೆಗೆ ಕಳಿಸಿ ಬರಿಗೈಯಾಗಿದ್ದೆ. ಹತ್ತು ವರ್ಷ ತೋಟದಲ್ಲಿ ಕೆಟ್ಟದ್ದನ್ನೇ ನೋಡುತ್ತ, ಬೆನ್ನ ಹಿಂದೆ ಕೆಡದೆ ನಿಂತದ್ದನ್ನು ನೋಡಿರಲಿಲ್ಲ.

ಅಂದು ರಾತ್ರಿ ಲೆಕ್ಕ ಹಾಕಿದೆ. ದೊಡ್ಡ ತೆಂಗಿನ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 50 ಲೀಟರ್ ನೀರು ಸಾಕು. ನಾಲ್ಕು ಜನ ಸ್ನಾನ ಮಾಡಿ, ಪಾತ್ರೆ ತೊಳೆದರೆ ಅದಕ್ಕಿಂತ ಹೆಚ್ಚೇ ಆಗುತ್ತದೆ. ಹಾಗಾದರೆ ತೋಟಕ್ಕೆ? ಒಂದು ಎಕರೆಯ ಮೇಲೆ 60 ಸೆಂಟಿಮೀಟರ್ ಮಳೆ ಬಿದ್ದರೆ ಅದು 24 ಲಕ್ಷ ಲೀಟರ್. 48 ಮರಕ್ಕೆ ಬೇಸಿಗೆಯ ಆರು ತಿಂಗಳು ದಿನಕ್ಕೆ 50 ಲೀಟರಿನಂತೆ ಕೊಟ್ಟರೂ ಬೇಕಾಗುವುದು ನಾಲ್ಕು ಲಕ್ಷದ ಮೇಲೆ ಚಿಲ್ಲರೆ. ಮೂರು ಸಲ ಕೂಡಿ ಕಳೆದು ನೋಡಿದೆ, ತಪ್ಪಿರಲಿಲ್ಲ. ನಾನು ಸರ ಮಾರಿ 650 ಅಡಿ ಕೆಳಗೆ ಹುಡುಕಿದ್ದು ನಮ್ಮ ತಲೆಯ ಮೇಲೇ ಬಿದ್ದು, ಬದು ಒಡೆದುಕೊಂಡು ಹಳ್ಳಕ್ಕೆ ಹರಿದು ಹೋಗುತ್ತಿತ್ತು.

ತಿಪಟೂರಿನಲ್ಲಿ ಬೈಫ್ ಸಂಸ್ಥೆಯವರು ಬಹಳ ವರ್ಷದಿಂದ ಇದ್ದಾರೆ. ಮಣಿಭಾಯಿ ದೇಸಾಯಿಯವರು 1967ರಲ್ಲಿ ಪುಣೆಯ ಹತ್ತಿರದ ಉರುಳಿಕಾಂಚನದಲ್ಲಿ ಶುರು ಮಾಡಿದ ಸಂಸ್ಥೆ ಅದು. ಮರ ಆಧಾರಿತ ಬೇಸಾಯ, ಕೃಷಿ ಹೊಂಡ, ಉದಿ ಬದು ಎಂದು ಅವರು ಹೇಳುತ್ತಿದ್ದದ್ದು ನಮ್ಮ ಕಿವಿಗೂ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಈಗ ಹೋಯಿತು. ಇಳಿಜಾರಿಗೆ ಅಡ್ಡಲಾಗಿ ಉದಿ ತೆಗೆದು, ಆ ಮಣ್ಣನ್ನೇ ಬದು ಮಾಡಿ, ಬದುವಿನ ಮೇಲೆ ಮತ್ತೆ ಬೇವು, ಹೊಂಗೆ, ಗೊಬ್ಬರದ ಗಿಡ ನೆಟ್ಟೆವು. ಮರದ ಸುತ್ತ ಕಂದಕ ತೋಡಿ ಮಟ್ಟೆಯನ್ನು ಬೊಗಸೆಯ ಹಾಗೆ ಮೇಲ್ಮುಖ ಮಾಡಿ ಸಾಲಾಗಿ ಜೋಡಿಸಿ ಹೂತೆವು. ಒಂದು ಸಲ ಹೂತ ಮಟ್ಟೆ ಐದಾರು ವರ್ಷ ನೀರು ಹಿಡಿದಿಡುತ್ತದೆ. ಅದುವರೆಗೆ ನಾವು ಅದನ್ನು ನೀರು ಕಾಯಿಸಲು ಉರಿಸುತ್ತಿದ್ದೆವು, ಮಿಕ್ಕಿದ್ದನ್ನು ಮಾರುತ್ತಿದ್ದೆವು. ತಿಪ್ಪೆಯನ್ನು ದೂರ ಮಾಡಿದೆ. ಹುಳು ತಿನ್ನುವ ಹಸಿರು ಶಿಲೀಂಧ್ರವನ್ನು ತಂದು ಅದಕ್ಕೆ ಬೆರೆಸಿದೆವು.

ಸಸಿಗಳಿಗೆ ಈ ಸಲ ಪೇಟೆಗೆ ಹೋಗಲಿಲ್ಲ. ಅತ್ತೆ ಬಚ್ಚಲ ಮರದ ಬುಡದಲ್ಲಿ ಚಾಪೆ ಹಾಕಿಕೊಂಡು ಕೂತು ಕಾಯಿ ಆರಿಸಿದರು. ಅಲ್ಲಾಡಿಸಿ ನೋಡುವರು, ಕೈಯಲ್ಲಿ ತೂಗುವರು. ಮರಳಿನ ಮಡಿಯಲ್ಲಿ ಅರವತ್ತು ಕಾಯಿ ಹೂತೆವು. ಬೇಗ ಮೊಳೆತವನ್ನು ಇಟ್ಟುಕೊಂಡು, ತಡವಾದವನ್ನು ತೆಗೆದೆವು. 2010ರ ಮುಂಗಾರಿನಲ್ಲಿ ಇಪ್ಪತ್ತೆರಡು ಸಸಿ ನೆಲಕ್ಕೆ ಹೋದವು. ನಲವತ್ತು ಬಿದ್ದ ಜಾಗದಲ್ಲಿ ಇಪ್ಪತ್ತೆರಡೇ, ಮೂವತ್ತು ಅಡಿಯ ಹಳೆಯ ಲೆಕ್ಕಕ್ಕೆ. "ಇವು ಕಾಯಿ ಬಿಡೋ ಹೊತ್ತಿಗೆ ನಾನಿರಾಕಿಲ್ಲ" ಎಂದರು ಅತ್ತೆ, ಮಳೆ ಬರುವ ಹಾಗಿದೆ ಎನ್ನುವಷ್ಟೇ ಸಹಜವಾಗಿ. ಹಾಗೆಯೇ ಆಯಿತು. ಅವರು 2013ರಲ್ಲಿ ಹೋದರು. ಮೊದಲ ಹೊಂಬಾಳೆ ಒಡೆದದ್ದು 2017ರಲ್ಲಿ. ನಡುವಿನ ವರ್ಷಗಳಲ್ಲಿ ಸಸಿಗಳ ಸಾಲಿನಲ್ಲಿ ಮತ್ತೆ ಹೆಸರು, ರಾಗಿ ಬೆಳೆದೆವು. ನಾನು ನಿಲ್ಲಿಸಿದ್ದನ್ನು ನಾನೇ ಬಿತ್ತಿದೆ.

ಆಮೇಲೆ ಕಷ್ಟ ಬರಲಿಲ್ಲವೇ? ಬಂತು. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಕಂಡ ಬಿಳಿ ನೊಣ ನಮ್ಮಲ್ಲಿಗೂ ಬಂದು ಗರಿಗಳ ಮೇಲೆಲ್ಲ ಕಾಡಿಗೆ ಬಳಿಯಿತು. ಮೊದಲಿನ ನಾವಾಗಿದ್ದರೆ ಸಿಕ್ಕ ಔಷಧಿ ಹೊಡೆಯುತ್ತಿದ್ದೆವು. ಈ ಸಲ ಕೇಳಿ ತಿಳಿದುಕೊಂಡೆವು. ಆ ನೊಣದ ಮರಿಯೊಳಗೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಸಣ್ಣ ಕಣಜವೊಂದಿದೆ, ವಿಷ ಹೊಡೆದರೆ ಮೊದಲು ಸಾಯುವುದು ಅದೇ. ಬೇವಿನೆಣ್ಣೆ, ನೀರಿನ ಸಿಂಪರಣೆ ಬಿಟ್ಟು ಬೇರೇನೂ ಮಾಡದೆ ತಡೆದೆವು. ಪೂರ್ತಿ ಹೋಗಿಲ್ಲ, ಮರ ನಿಂತಿದೆ.

2023ರಲ್ಲಿ ಮತ್ತೆ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಸಾರಿತು. ಆ ವರ್ಷ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆಯಲ್ಲಿ ಅಷ್ಟು ಸಿಗಲಿಲ್ಲ. 2025ರಲ್ಲಿ ತಿಪಟೂರಿನಲ್ಲಿ ಅದೇ ಕೊಬ್ಬರಿ 20,000 ದಾಟಿತು, ಅಟ್ಟದಲ್ಲಿ ಕಾಯಿ ಮಾತ್ರ ಕಡಿಮೆ. ಬೆಂಗಳೂರಿನಲ್ಲಿರುವ ಮಗ ಫೋನು ಮಾಡಿ, "ಅಮ್ಮ, ಬೆಲೆ ಇದ್ದಾಗ ಕಾಯಿ ಇಲ್ಲ, ಕಾಯಿ ಇದ್ದಾಗ ಬೆಲೆ ಇಲ್ಲ. ಕೊಟ್ಟುಬಿಡೋಣ, ಸೈಟ್ ಮಾಡೋರು ಕೇಳ್ತಿದ್ದಾರೆ" ಎಂದ. ಅವನ ಮಾತಿನಲ್ಲಿ ತಪ್ಪಿಲ್ಲ. 2007ರಲ್ಲಿ ನಾನೂ ಹೀಗೇ ಮಾತಾಡಿದ್ದೆ.

ನನ್ನ ಹತ್ತಿರ ಒಂದು ನೋಟುಬುಕ್ಕಿದೆ. ಮಾವನ ಕಾಲದ ಲೆಕ್ಕದ ಪುಸ್ತಕಗಳಲ್ಲಿ ಮಾರಿದ್ದು, ಬಂದ ಹಣ ಇಷ್ಟೇ ಇವೆ. ಕೆಟ್ಟ ವರ್ಷದ ಪುಟಗಳು ಖಾಲಿ. ಮಾರಲು ಏನೂ ಇಲ್ಲದ ವರ್ಷ ಬರೆಯುವುದೇನು ಎಂದು ಬಿಟ್ಟಿದ್ದಾರೆ. ಆ ಖಾಲಿ ಪುಟಗಳೇ ಅತ್ತೆಯ ತಲೆಯಲ್ಲಿದ್ದದ್ದು. ಅವರು ಹೋದ ವರ್ಷದಿಂದ ನಾನು ಅವನ್ನು ಬರೆಯುತ್ತಿದ್ದೇನೆ. ಯಾವ ಮಳೆ ಬಂತು, ಯಾವುದು ತಪ್ಪಿತು, ಯಾವ ಮರದಲ್ಲಿ ಎಷ್ಟು ಹೊಂಬಾಳೆ, ಎಷ್ಟು ಹರಳು ಉದುರಿತು, ಆ ವರ್ಷ ನಾವೇನು ದಡ್ಡತನ ಮಾಡಿದೆವು. ಮಗನಿಗೆ ಫೋನಿನಲ್ಲೇ ಓದಿ ಹೇಳಿದೆ. 2023ರ ಪುಟದಲ್ಲಿ ನಾನೇ ಬರೆದಿದ್ದೆ: "2026ರ ತನಕ ಕಾಯಿ ಕಡಿಮೆ. ಮರ ಕಡಿಯುವ ಮಾತು ಯಾರೂ ಎತ್ತಬಾರದು."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಆಮೇಲೆ, "ಸರಿ, ಅದನ್ನ ಫೋಟೋ ತೆಗೆದು ಕಳಿಸು" ಎಂದ. ಕಳಿಸಿದ್ದೇನೆ. ಮಾರುವುದಿಲ್ಲ ಎಂದು ಅವನು ಹೇಳಿಲ್ಲ, ನಾನೂ ಕೇಳಿಲ್ಲ. ತೆಂಗಿನ ವಿಷಯದಲ್ಲಿ ಉತ್ತರ ತಡವಾಗಿ ಬರುತ್ತದೆ ಎಂಬುದನ್ನು ಇಷ್ಟು ವರ್ಷದಲ್ಲಿ ಕಲಿತಿದ್ದೇನಲ್ಲ.

ಈ ಸಲದ ಗೌರಿಗೆ ಐದು ಬಾಗಿನಕ್ಕೂ ಕಾಯಿ ಮನೆಯದೇ ಆಯಿತು. ಮೂರು ಹೊಸ ಮರಗಳದ್ದು, ಎರಡು ಬಚ್ಚಲ ಮರದ್ದು.